ಇಬ್ಬರು ಸೇರಿ ಕೊಂಡ ಕಂಚು

ಬಳ್ಳಾರಿ ರಸ್ತೆಯಲ್ಲಿ ಎದುರುಬದುರಾದ ಎರಡು ಬಸ್ಸುಗಳಲ್ಲಿ ಒಂದು ಮಣ್ಣಿಗಿಳಿದು ದಾರಿ ಬಿಡುತ್ತಿದ್ದ ಕಾಲದಿಂದಲೂ ನಮ್ಮ ಮನೆ ಬ್ಯಾಟರಾಯನಪುರದಲ್ಲೇ ಇದೆ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾಯಿತು. ನಾನು ಡಿಪ್ಲೊಮಾ ಮುಗಿಸಿ ಗೊರಗುಂಟೆಪಾಳ್ಯದ ಆಚೆ ಒಂದು ಎರಕದ ಕಾರ್ಖಾನೆ ಸೇರಿದೆ. ಪಂಪಿನ ಮೈ, ವಾಲ್ವಿನ ಮುಚ್ಚಳ, ಇಂಥವು ಅಚ್ಚಿನಿಂದ ಹೊರಬಂದ ಮೇಲೆ ಅವುಗಳಲ್ಲಿ ದೋಷ ಹುಡುಕುವುದು ನನ್ನ ಕೆಲಸ. ಎಲ್ಲಿ ಗಾಳಿ ಸಿಕ್ಕಿಕೊಂಡು ಗುಳ್ಳೆಯಾಗಿದೆ, ಎಲ್ಲಿ ಕೂದಲೆಳೆಯಂಥ ಬಿರುಕಿದೆ, ಎಲ್ಲಿ ಅಳತೆ ತಪ್ಪಿದೆ ಎಂದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ನಾನು ಸರಿ ಎಂದದ್ದನ್ನು ಮತ್ತೊಬ್ಬರು ತಿರುಗಿಸಿ ನೋಡುತ್ತಿರಲಿಲ್ಲ. ಅಷ್ಟು ಹೆಸರಿತ್ತು ನನಗೆ.

ಕಂಚಿನ ಹುಚ್ಚು ಹತ್ತಿದ್ದು ಅಲ್ಲೇ. ಕರಗಿಸಲು ಬಂದ ಗುಜರಿ ರಾಶಿಯಲ್ಲಿ ಒಂದು ದಿನ ಹಳೆಯ ದೀಪದ ತುದಿಯ ಹಂಸವೊಂದು ಸಿಕ್ಕಿತು. ಕುತ್ತಿಗೆ ಮುರಿದಿತ್ತು. ಆದರೂ ಎರಕಕ್ಕೆ ಮೊದಲು ಯಾರೋ ಮೇಣದಲ್ಲಿ ತಿದ್ದಿ ತೀಡಿದ ಬೆರಳಿನ ಗುರುತು ಆ ರೆಕ್ಕೆಯ ಮೇಲೆ ಇನ್ನೂ ಇತ್ತು. ನಾವು ದಿನಕ್ಕೆ ನೂರಾರು ಎರಕ ಹೊಯ್ಯುತ್ತಿದ್ದೆವು, ಒಂದರ ಮೇಲೂ ಅಂಥ ಬೆರಳಿರಲಿಲ್ಲ. ಮ್ಯಾನೇಜರನ್ನು ಕೇಳಿ ಅದನ್ನು ಮನೆಗೆ ತಂದೆ. ಆಮೇಲೆ ರಜೆ ಬಂತೆಂದರೆ ಯಶವಂತಪುರದ ಹಳೆ ಪಾತ್ರೆ ಅಂಗಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ರಾಶಿ ಕೆದಕುವುದೇ ಕೆಲಸವಾಯಿತು.

ಲಾಯರು ಪರಿಚಯವಾದದ್ದು ಅಂಥ ಒಂದು ಅಂಗಡಿಯಲ್ಲಿ, 2008ರಲ್ಲಿ. ಒಂದೇ ಆರತಿಯ ಹಿಡಿಗೆ ಇಬ್ಬರೂ ಕೈ ಹಾಕಿದ್ದೆವು. ಅವರು ಮೊದಲು ಬಿಟ್ಟರು.

"ತಗೊಳ್ಳಿ ಸಾರ್, ನೀವೇ ಮೊದ್ಲು ನೋಡಿದ್ದು. ಆದ್ರೆ ಹಳೇದು ಅಂತ ಹೆಂಗೆ ಹೇಳ್ತೀರಾ? ಅದೊಂದು ಹೇಳ್ಕೊಟ್ಟು ಹೋಗಿ."

ನಾನು ಹಿಡಿಯ ಒಳಮಗ್ಗುಲು ತೋರಿಸಿ, ಅರದ ಗೆರೆ ಹೊಸದಾದರೆ ಹೇಗಿರುತ್ತದೆ, ನೂರಾರು ಕೈ ಆಡಿದ ಮೇಲೆ ಅದು ಹೇಗೆ ಮಾಯುತ್ತದೆ ಎಂದು ಹೇಳಿದೆ. ಅವರು ಅಂಗಡಿಯವನ ಮುಂದೆಯೇ ನನ್ನ ಕೈ ಕುಲುಕಿದರು. "ಗುರು, ನೀನು ಲೋಹ ನೋಡು. ನಾನು ಕಾಗದ ನೋಡ್ತೀನಿ. ನಾವಿಬ್ರೂ ಸೇರಿದ್ರೆ ಯಾರೂ ನಮಗೆ ಟೋಪಿ ಹಾಕೋಕಾಗಲ್ಲ," ಎಂದರು. ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಆ ಗಳಿಗೆಯಿಂದಲೇ ನಾನು ಅವರಿಗೆ ನೀನು, ಅವರು ನನಗೆ ನೀವು.

ಆರ್.ಟಿ. ನಗರದಲ್ಲಿ ಅವರ ಮನೆ. ಕೆಳಗೆ ಆಫೀಸು, ಮೇಲೆ ಸಂಸಾರ. ನನ್ನಂಥವನಿಗೆ ಗೊತ್ತಿಲ್ಲದ ಎಷ್ಟೋ ವಿಷಯ ಅವರಿಂದ ಕಲಿತೆ. ನೂರು ವರ್ಷ ಮೀರಿದ ವಿಗ್ರಹವನ್ನು ಸರ್ಕಾರದಲ್ಲಿ ನೋಂದಾಯಿಸದೆ ಇಟ್ಟುಕೊಳ್ಳಬಾರದು. ಕೈ ಬದಲಾದರೆ ಅದನ್ನೂ ತಿಳಿಸಬೇಕು. ಗುಡಿಯಿಂದ ಬಂದದ್ದೆಂದು ಸಣ್ಣ ಅನುಮಾನವಿದ್ದರೂ ಮುಟ್ಟಬಾರದು. ಒಂದು ಸಲ ಯಾರೋ ಗೋಣಿಚೀಲದಲ್ಲಿ ಸುತ್ತಿ ತಂದ ವೀರಭದ್ರನನ್ನು ನಾನು ಆಸೆಪಟ್ಟು ನೋಡುತ್ತಿದ್ದಾಗ, ಅವರು ನನ್ನ ತೋಳು ಹಿಡಿದು ಎಬ್ಬಿಸಿಕೊಂಡು ಹೊರಗೆ ಬಂದಿದ್ದರು. "ಕದ್ದ ದೇವ್ರನ್ನ ಮನೇಲಿಟ್ಕೊಂಡು ನಿದ್ದೆ ಬರುತ್ತೇನೋ ನಿಂಗೆ?" ಆ ಮಾತಿಗೆ ನಾನು ಅವರನ್ನು ಪೂರ್ತಿ ನಂಬಿದೆ. ಭಾನುವಾರ ಬೆಳಿಗ್ಗೆ ಅವರ ಸ್ಕೂಟರಿನ ಹಿಂದೆ ಕೂತು ಊರೆಲ್ಲ ಸುತ್ತಿ, ಕೊನೆಗೆ ಅವರ ಮನೆ ಹತ್ತಿರದ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿದು ಮನೆಗೆ ಮರಳುತ್ತಿದ್ದೆವು. ಹೆಚ್ಚಿನ ಸಲ ಏನೂ ಕೊಳ್ಳುತ್ತಿರಲಿಲ್ಲ. ನೋಡಿದ್ದರ ಬಗ್ಗೆ ಮಾತಾಡುವುದೇ ಒಂದು ಸುಖವಾಗಿತ್ತು.

ಮೂರು ವರ್ಷದ ಮೇಲೆ ಯಲಹಂಕದಲ್ಲಿ ಆ ಕಂಚಿನ ಹೆಂಗಸು ನಮ್ಮ ಕಣ್ಣಿಗೆ ಬಿದ್ದಳು.

ಸೈನ್ಯದಲ್ಲಿದ್ದ ಗಂಡ ತೀರಿಕೊಂಡ ಮೇಲೆ ವಯಸ್ಸಾದ ಒಬ್ಬಾಕೆ ಮನೆ ಖಾಲಿ ಮಾಡಿ ಮಗಳ ಜೊತೆ ಇರಲು ಹೊರಟಿದ್ದರು. ಗಂಡ ಕೂಡಿಸಿಟ್ಟಿದ್ದ ವಿಗ್ರಹಗಳನ್ನು ಒಂದೊಂದಾಗಿ ಕೊಡುತ್ತಿದ್ದಾರೆ, ಎಲ್ಲಕ್ಕೂ ಸರಿಯಾದ ಕಾಗದವಿದೆ ಎಂದು ಲಾಯರಿಗೆ ಸುದ್ದಿ ಬಂತು. ಹೋದೆವು. ಕೃಷ್ಣ, ಲಕ್ಷ್ಮಿ, ಸೋಮಾಸ್ಕಂದ ಆಗಲೇ ಹೋಗಿಬಿಟ್ಟಿದ್ದವು. ಯಾರೂ ಕೇಳದೆ ಉಳಿದಿದ್ದವಳು ಒಬ್ಬಳು. ಒಂದು ಗೇಣಿಗಿಂತ ಸ್ವಲ್ಪ ಎತ್ತರ. ದೇವತೆಯಲ್ಲ, ಭಕ್ತೆ. ಯಾವುದೋ ಕಾಲದಲ್ಲಿ ಗುಡಿಗೆ ಏನೋ ಕೊಟ್ಟವಳಿರಬೇಕು, ತನ್ನ ರೂಪವನ್ನು ತಾನೇ ಎರಕ ಹೊಯ್ಯಿಸಿಕೊಂಡು ಮನೆಯಲ್ಲಿಟ್ಟುಕೊಂಡಿರಬೇಕು. ನಾಯಕರ ಕಾಲದ್ದೆಂದು ಕಾಗದದಲ್ಲಿತ್ತು. ಒಂದು ಕಡೆಗೆ ವಾಲಿದ ತುರುಬು. ಮುಗಿದ ಕೈಗಳು ಪೂರ್ತಿ ಕೂಡಿರಲಿಲ್ಲ, ನಡುವೆ ಒಂದು ಹೂವು ಹಿಡಿಸುವಷ್ಟು ಜಾಗವಿತ್ತು. ಬೆನ್ನಿನ ಕಡೆ ತಿರುಗಿಸಿದೆ. ಸೀರೆಯ ನೆರಿಗೆಯನ್ನು ಮುಂದಿನಷ್ಟೇ ಅಚ್ಚುಕಟ್ಟಾಗಿ ಹಿಂದೆಯೂ ಬಿಡಿಸಿದ್ದರು. ಯಾರೂ ನೋಡದ ಕಡೆಯಲ್ಲಿ ಅಷ್ಟು ಕಷ್ಟಪಟ್ಟಿತ್ತು ಆ ಕೈ.

ನನ್ನೊಬ್ಬನ ಕೈಗೆ ಎಟುಕುವಂಥದ್ದಲ್ಲ. ಲಾಯರ ಕೈಗೂ ಅಲ್ಲ. ಇಬ್ಬರೂ ಗೇಟಿನ ಹೊರಗೆ ಬಂದೆವು. ಅವರೇ ಮಾತು ತೆಗೆದರು.

"ಅರ್ಧ ಅರ್ಧ ಹಾಕಿದ್ರೆ?"

"ಯಾರ ಮನೇಲಿ ಇಡೋದು ಲಾಯ್ರೇ?"

"ಉತ್ತರಾಯಣ ನಿಂದು, ದಕ್ಷಿಣಾಯನ ನಂದು. ಸಂಕ್ರಾಂತಿಗೆ ನಾನೇ ತಂದು ಬಿಡ್ತೀನಿ."

ಇಬ್ಬರೂ ನಗುತ್ತ ವಾಪಸ್ಸು ಒಳಗೆ ಹೋದೆವು. ಆ ತಾಯಿಗೆ ವಿಷಯ ಹೇಳಿದಾಗ, "ಒಂದು ಹೆಣ್ಣು, ಎರಡು ಮನೆ. ಜಗಳ ಆಡ್ಬೇಡಿ ಕಣ್ರಪ್ಪಾ," ಎಂದು ಅವರೂ ನಕ್ಕರು. ನೋಂದಣಿ ಎರಡು ಹೆಸರಿಗಾದರೆ ಓಡಾಟ ಜಾಸ್ತಿ, ಸದ್ಯಕ್ಕೆ ತಮ್ಮ ಹೆಸರಿಗೆ ಮಾಡಿಸಿರುತ್ತೇನೆ ಎಂದರು ಲಾಯರು. ಕಾಗದ ನೋಡುವವರು ಅವರೇ ತಾನೆ. ನಾನು ಹೂಂ ಎಂದೆ.

ಮೊದಲ ಸಂಕ್ರಾಂತಿಗೆ ಎಳ್ಳುಬೆಲ್ಲದ ಡಬ್ಬಿಯ ಜೊತೆಗೆ ಅವಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ನಮ್ಮಮ್ಮ ಕನ್ನಡಕ ಏರಿಸಿ ನೋಡಿದಳು.

"ಇದ್ಯಾವ ದೇವ್ರು ಮಗಾ?"

"ದೇವರಲ್ಲಮ್ಮ. ದೇವರಿಗೆ ಕೈ ಮುಗಿಯೋಳು."

"ಇಂಗೆ ಕೈ ಮುಕ್ಕಂಡು ನಿಂತವ್ಳೆ, ಎದುರ್ಗೆ ದೇವ್ರೇ ಇಲ್ವಲ್ಲ. ಪಾಪ, ಆ ಕಡೀಕ್ ತಿರುಗ್ಸು."

ದೇವರ ಕೋಣೆಗೆ ಮುಖ ಮಾಡಿ ಹಾಲಿನ ಮೂಲೆಯಲ್ಲಿ ಒಂದು ಪೀಠ ಮಾಡಿಸಿ ಅವಳನ್ನು ನಿಲ್ಲಿಸಿದೆ. ಅಮ್ಮ ಬೆಳಿಗ್ಗೆ ಪೂಜೆ ಮುಗಿಸಿ ಬರುವಾಗ ಆ ಕೈಗಳ ನಡುವೆ ಒಂದು ಹೂ ಸಿಕ್ಕಿಸಿ, ಅವಳ ಗಲ್ಲ ಸವರಿ ಹೋಗುತ್ತಿದ್ದಳು. ಹಳೆಯ ಕಂಚಿಗೆ ಎಣ್ಣೆ, ಕುಂಕುಮ ಸೋಕಿಸಬಾರದು ಎಂದು ನಾನು ಬೇಡವೆಂದರೂ ಕೇಳುತ್ತಿರಲಿಲ್ಲ. ನನ್ನ ಹೆಂಡತಿ ದಿನಾ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದಳು. ನಾನು ಕಾಫಿ ಲೋಟ ಹಿಡಿದು ಎದುರು ಕೂತು ನೋಡುತ್ತಿದ್ದೆ. ಕಾರ್ಖಾನೆಯ ಗೆಳೆಯರು ಬಂದರೆ, ನನ್ನಂತೆಯೇ ಹುಚ್ಚು ಹತ್ತಿದ ಹುಡುಗರು ಬಂದರೆ, ತುರುಬು ತೋರಿಸಿ, ಬೆನ್ನು ತೋರಿಸಿ, ಅಸಲಿ ಎಂದರೆ ಏನು ಎಂದು ಗಂಟೆಗಟ್ಟಲೆ ಪಾಠ ಹೇಳುತ್ತಿದ್ದೆ. ಆಷಾಢ ಹತ್ತಿರ ಬಂದಾಗ ಮನೆಯವರೆಲ್ಲ ಸಪ್ಪಗಾಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಹೆಣ್ಣುಮಕ್ಕಳು ಆಷಾಢಕ್ಕೆ ತವರಿಗೆ ಹೋಗುವ ಹಾಗೆ ಇವಳೂ ಹೋಗುತ್ತಾಳೆ ಎಂದು ಅಮ್ಮ ಸಮಾಧಾನ ಹೇಳುತ್ತಿದ್ದಳು.

ಹೀಗೆ ಕೆಲವು ವರ್ಷ ನಡೆಯಿತು. ಒಂದು ವರ್ಷ ಗಣೇಶನ ಹಬ್ಬ ಕಳೆದ ಮೇಲೆ ಅಮ್ಮ ಹೋಗಿಬಿಟ್ಟಳು. ಅದು ಲಾಯರ ಸರದಿಯ ಕಾಲ. ಅಮ್ಮನ ತಿಥಿಯ ದಿನ ಬೆಳಿಗ್ಗೆ ನೋಡಿದರೆ ಲಾಯರು ಬಾಗಿಲಲ್ಲಿ ನಿಂತಿದ್ದಾರೆ, ಕಂಕುಳಲ್ಲಿ ಟವೆಲಿನ ಗಂಟು. ಒಳಗೆ ಬಂದು, ಯಾರನ್ನೂ ಕೇಳದೆ, ಅಮ್ಮನ ಫೋಟೋದ ಪಕ್ಕದಲ್ಲಿ ಅವಳನ್ನು ನಿಲ್ಲಿಸಿದರು. "ಅಮ್ಮ ದಿನಾ ಹೂವಿಡ್ತಿದ್ರಲ್ಲ. ಇವತ್ತು ಇಲ್ಲೇ ಇರ್ಲಿ ಅಂತ ತಂದೆ," ಎಂದರು. ಬಂದ ನೆಂಟರ ಮುಂದೆ ನಾನು ಅವರನ್ನು ಅಪ್ಪಿಕೊಂಡು ಅತ್ತೆ. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ ಎಂದು ನಮ್ಮ ಚಿಕ್ಕಪ್ಪ ಹೇಳಿದರು.

ಆರ್.ಟಿ. ನಗರದ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿ, ಕೆಡವಿ ಕಟ್ಟುವುದೆಂದು ತೀರ್ಮಾನವಾದದ್ದು 2016ರ ಬೇಸಿಗೆಯಲ್ಲಿ. ಲಾಯರು ಯಲಹಂಕದಲ್ಲಿ ಒಂದು ಫ್ಲ್ಯಾಟು ಹಿಡಿದರು. ಸಾಮಾನು ಸಾಗಿಸುವ ದಿನ ನಾನು ರಜೆ ಹಾಕಿ ಹೋದೆ. ಮೊದಲ ಲಾರಿಯ ಜೊತೆ ಅವರೂ ಮಗನೂ ಹೋದರು. ಮಗ ಹೆಬ್ಬಾಳದ ಒಂದು ಕಾರು ಶೋರೂಮಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಉಳಿದದ್ದು ನಾನು ಮತ್ತು ಲಾಯರ ಹೆಂಡತಿ. ಆಕೆ ನನ್ನನ್ನು ಅಣ್ಣ ಎನ್ನುತ್ತಿದ್ದರು, ನನ್ನ ಸ್ವಂತ ತಂಗಿಯ ಹಾಗೆಯೇ ಇದ್ದರು. ಮಲಗುವ ಕೋಣೆಯ ಬೀರು ಖಾಲಿ ಮಾಡುತ್ತ ಕೂಗಿದರು.

"ಅಣ್ಣ, ಇದೊಂದು ನೀವೇ ಎತ್ಕೊಳ್ಳಿ. ಭಾರ ಇದೆ. ಲಾರಿಗೆ ಹಾಕ್ಬೇಡ, ಕಾರಲ್ಲೇ ತಗೊಂಡ್ ಬಾ ಅಂದಿದಾರೆ ಇವ್ರು."

ಬೀರಿನ ಕೆಳಗಿನ ಖಾನೆಯಲ್ಲಿ ಹಳೆಯ ರೇಷ್ಮೆ ಸೀರೆಯ ಒಂದು ಗಂಟು. ಬಗ್ಗಿ ಎರಡೂ ಕೈಯಲ್ಲಿ ಎತ್ತಿದೆ. ಬಿಚ್ಚುವ ಮೊದಲೇ ಕೈಗೆ ಗೊತ್ತಾಯಿತು. ಸೆರಗು ಸರಿಸಿದೆ. ವಾಲಿದ ತುರುಬು ಕಂಡಿತು.

ಮೇ ತಿಂಗಳು. ನನ್ನ ಸರದಿ. ಬೆಳಿಗ್ಗೆ ತಾನೆ ಅವಳ ಮುಂದೆ ಕೂತು ಕಾಫಿ ಕುಡಿದು ಬಂದಿದ್ದೆ.

ನಾನು ಅಲ್ಲೇ ಮಂಚದ ಮೇಲೆ ಕೂತೆ. ತಿರುಗಿಸಿದೆ. ಬೆನ್ನಿನ ನೆರಿಗೆಗಳ ಮೇಲೆ ಮೇಣ ತೀಡಿದ ಆ ಹಳೆಯ ಬೆರಳಿನ ಗುರುತು ಇತ್ತು. ನನ್ನ ಮನೆಯಲ್ಲಿ ನಿಂತಿದ್ದವಳ ಬೆನ್ನಿನಲ್ಲಿ ಅದು ಇದೆಯೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಎಷ್ಟು ಕಾಲದಿಂದ ನಾನು ಅವಳನ್ನು ತಿರುಗಿಸಿ ನೋಡಿರಲಿಲ್ಲ! ಬೇರೆಯವರಿಗೆ ತೋರಿಸುವಾಗ ನಾನು ನನ್ನ ಮಾತನ್ನೇ ಕೇಳಿಸಿಕೊಳ್ಳುತ್ತಿದ್ದೆನೇ ಹೊರತು ಕಣ್ಣು ಬಿಟ್ಟು ನೋಡುತ್ತಿರಲಿಲ್ಲ.

"ಇದು ಯಾವಾಗಿಂದ ಇಲ್ಲಿದೆಯಮ್ಮಾ?"

"ಯಾವಾಗ್ಲೂ ಇಲ್ಲೇ ಇರುತ್ತಲ್ಲ ಅಣ್ಣ. ಹಾಲಲ್ಲಿ ಇಡೋದು, ನಿಮ್ಮನೆಗೆ ಕಳ್ಸೋದು ಆ ಇನ್ನೊಂದು." ನನ್ನ ಮುಖ ನೋಡಿ ಆಕೆಯ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. "ನಿಮಗೆ ಗೊತ್ತು ಅಂದಿದ್ರು ಇವ್ರು. ಒಡೆದು ಗಿಡೆದು ಹೋಗ್ಬಾರ್ದು ಅಂತ ಇಬ್ರೂ ಸೇರಿ ಮಾಡ್ಸಿದ್ದು ಅಂದಿದ್ರು."

ಕಂಚು ಒಡೆಯುವುದಿಲ್ಲ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಗಂಟನ್ನು ಮತ್ತೆ ಕಟ್ಟಿ ತೊಡೆಯ ಮೇಲಿಟ್ಟುಕೊಂಡು ಲಾಯರು ಬರುವ ತನಕ ಕೂತಿದ್ದೆ.

ಲಾಯರು ಎರಡನೇ ಲಾರಿಗೆಂದು ಬಂದರು. ಗಂಟು ನೋಡಿದರು, ಹೆಂಡತಿಯ ಮುಖ ನೋಡಿದರು. "ಬಾ ಗುರು, ಕಾಫಿ ಕುಡಿಯೋಣ," ಎಂದರು. ಅದೇ ದರ್ಶಿನಿ. ಗಂಟನ್ನು ನಾನು ಮೇಜಿನ ಮೇಲಿಟ್ಟು ಒಂದು ಕೈ ಅದರ ಮೇಲಿಟ್ಟುಕೊಂಡೇ ನಿಂತೆ.

"ಯಾವಾಗ ಮಾಡ್ಸಿದ್ರಿ?"

"ಎರಡ್ನೇ ವರ್ಷ. ಕುಂಭಕೋಣದ ಕಡೆ ಒಬ್ರು ಮಾಡ್ಕೊಟ್ರು. ಬಣ್ಣ ಬರ್ಸೋದಕ್ಕೇ ತಿಂಗಳಾನುಗಟ್ಟಲೆ ಹಿಡೀತು." ಕೆಲಸ ಚೆನ್ನಾಗಿತ್ತಲ್ಲವೇ ಎಂದು ಕೇಳುವ ಹಾಗಿತ್ತು ಆ ದನಿ. "ಸಂಕ್ರಾಂತಿ ಹತ್ರ ಬಂದಾಗ ಕೊಡೋಕೆ ಮನಸ್ಸು ಬರ್ಲಿಲ್ಲ ಕಣೋ. ಏನ್ ಮಾಡ್ಲಿ?"

"ಕೇಳ್ಬೋದಿತ್ತು."

"ಕೇಳಿದ್ರೆ ಕೊಡ್ತಿದ್ಯಾ?"

ಕೊಡುತ್ತಿರಲಿಲ್ಲ. ಅದು ನಿಜ. ಅಷ್ಟಕ್ಕೇ ಅವರಿಗೆ ಧೈರ್ಯ ಬಂತು.

"ಈಗ ಹೇಳು ಗುರು, ನಿಂಗೇನ್ ಕಮ್ಮಿಯಾಯ್ತು? ಇಷ್ಟು ವರ್ಷ ಅದರ ಮುಂದೆ ಕೂತು ಆನಂದ ಪಟ್ಟಿದೀಯ. ಬಂದೋರಿಗೆಲ್ಲ ತೋರ್ಸಿದೀಯ. ನಿಂಗೆ ಸಿಕ್ಕಿದ ಆನಂದ ಏನ್ ಡೂಪ್ಲಿಕೇಟಾ?"

ಆ ಮಾತನ್ನು ಇವತ್ತು ನೆನೆದರೂ ಅವತ್ತಿನಷ್ಟೇ ಮೈ ಉರಿಯುತ್ತದೆ. ಎರಕದ ದೋಷ ಹುಡುಕಿಯೇ ಹೊಟ್ಟೆ ಹೊರೆದವನು ನಾನು. ನನ್ನ ಕಣ್ಣಿಗೇ ಮಣ್ಣೆರಚಿದ್ದು ಸಾಲದೆಂಬಂತೆ, ನೀನು ಸುಖವಾಗಿಯೇ ಇದ್ದೆಯಲ್ಲ ಎನ್ನುತ್ತಿದ್ದಾರೆ.

"ಒಂದು ಕೇಳ್ತೀನಿ," ಎಂದೆ. "ನಮ್ಮಮ್ಮನ ತಿಥಿ ದಿನ ತಂದಿದ್ರಲ್ಲ, ಅದು ಯಾವ್ದು?"

ಲಾಯರು ಕಾಫಿಯ ಲೋಟದೊಳಗೆ ನೋಡಿದರು. ನಾನು ಕಾಫಿ ಮುಟ್ಟದೆ, ಗಂಟು ಎತ್ತಿಕೊಂಡು ಹೊರಟೆ. ಹಿಂದಿನಿಂದ, "ತಗೊಂಡ್ ಹೋಗು, ನಾನೇನ್ ಬೇಡ ಅಂದ್ನಾ?" ಎಂದು ಹೇಳಿದ್ದು ಕೇಳಿಸಿತು. ಆಗಲೂ ನನ್ನ ಬಾಯಲ್ಲಿ ಅವರಿಗೆ ನೀನು ಎಂದು ಬರಲಿಲ್ಲ. ಅದಕ್ಕೂ ನನಗೆ ನನ್ನ ಮೇಲೇ ಸಿಟ್ಟಿದೆ.

ಮನೆಗೆ ಬಂದು ಊಟದ ಮೇಜಿನ ಮೇಲೆ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದೆ. ಇದ್ದ ವಿಗ್ರಹದಿಂದ ಅಚ್ಚು ತೆಗೆದು ಹೊಯ್ದ ಎರಕ ಆರುವಾಗ ಚೂರು ಕುಗ್ಗುತ್ತದೆ. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳಿಕೊಡುತ್ತಿದ್ದುದೇ ಇದು. ಮನೆಯಲ್ಲಿದ್ದವಳು ತಂದವಳಿಗಿಂತ ಉಗುರಿನಷ್ಟು ಗಿಡ್ಡಗಿದ್ದಳು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. "ಅತ್ತೆ ಹೂವಿಟ್ಟಿದ್ದು ಇದಕ್ಕಾ?" ಎಂದಳು. ಮೊದಲ ವರ್ಷ ಅಸಲಿಗೆ, ಆಮೇಲೆಲ್ಲ ಇದಕ್ಕೆ ಎಂದೆ. ಮಾರನೆಯ ದಿನದಿಂದ ಅವಳು ಒರೆಸುವುದನ್ನು ನಿಲ್ಲಿಸಿದಳು.

ಅಸಲಿ ನನ್ನ ಕೈಗೆ ಬಂದಿತ್ತು. ಖುಷಿಯಾಗಬೇಕಿತ್ತು. ಅವಳ ಮುಂದೆ ಕೂತರೆ ನಾನು ತುರುಬು ನೋಡುತ್ತಿರಲಿಲ್ಲ, ಕೈ ನೋಡುತ್ತಿರಲಿಲ್ಲ. ಇದೂ ಮೋಸವಿರಬಹುದೇ, ಮೂರನೆಯದು ಇನ್ನೆಲ್ಲಾದರೂ ಇರಬಹುದೇ ಎಂದು ಪರೀಕ್ಷೆ ಮಾಡುತ್ತಿದ್ದೆ. ಅದು ನೋಡುವುದಲ್ಲ, ಡ್ಯೂಟಿ. ಕೆಲವು ತಿಂಗಳಾದ ಮೇಲೆ ಅವಳನ್ನು ಒಳಗಿನ ಕಪಾಟಿನಲ್ಲಿಟ್ಟೆ, ನಕಲಿ ಪೀಠದ ಮೇಲೇ ಉಳಿಯಿತು. ಪಾಠ ಕೇಳಲು ಬರುತ್ತಿದ್ದ ಹುಡುಗರಿಗೆ ಇನ್ನು ಬರಬೇಡಿ ಎಂದೆ. ಕೊಳ್ಳುವುದನ್ನು ಬಿಟ್ಟೆ. ಸಂಕ್ರಾಂತಿ ಬಂತು, ಆಷಾಢ ಬಂತು, ಲಾಯರು ಬರಲಿಲ್ಲ, ನಾನೂ ಹೋಗಲಿಲ್ಲ. ಹೆಬ್ಬಾಳದ ಒಂದು ಮದುವೆ ಛತ್ರದಲ್ಲಿ ಒಮ್ಮೆ ಎದುರಿಗೇ ಸಿಕ್ಕರು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಖಾಲಿ ಇತ್ತು. ಅದನ್ನು ನೋಡಿ, ಹಿಂದೆ ತಿರುಗಿ, ಮುಂದಿನ ಪಂಕ್ತಿಗೆ ಕಾದು ನಿಂತರು.

ಅದಾಗಿ ಬಹಳ ದಿನವಾಗಿರಲಿಲ್ಲ, ಎದೆನೋವು ಎಂದ ಲಾಯರು ಆಸ್ಪತ್ರೆ ಸೇರುವಷ್ಟರಲ್ಲಿ ಹೋಗಿಬಿಟ್ಟರು. ಕೊನೆಯ ಸಲ ಮುಖ ನೋಡಲು ಯಲಹಂಕದ ಆ ಫ್ಲ್ಯಾಟಿಗೆ ಹೋದೆ. ಅವರ ಹೆಂಡತಿ ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಮಗ ನನ್ನನ್ನು ನೋಡಿಯೂ ನೋಡದವನಂತೆ ಹೊರಗೆ ಹೋದ. ಬಾಯಿಗೆ ಅಕ್ಕಿ ಹಾಕುವಾಗ ನನಗೆ ನೆನಪಾದದ್ದು ಮೊದಲ ದಿನ ಆರತಿಯ ಹಿಡಿಯನ್ನು ಬಿಟ್ಟುಕೊಟ್ಟ ಆ ಕೈ. ಅತ್ತುಬಿಟ್ಟೆ. ಮನೆಗೆ ಬಂದ ಮೇಲೆ ಅತ್ತದ್ದಕ್ಕೆ ನಾಚಿಕೆಯಾಯಿತು.

ವರ್ಷ ತುಂಬುವುದರೊಳಗೆ, 2019ರಲ್ಲಿ, ಆ ಮಗ ನಮ್ಮ ಮನೆಗೆ ಬಂದ. ಜೊತೆಗೆ ಇನ್ನೊಬ್ಬ, ಟ್ರಿಮ್ ಮಾಡಿದ ಗಡ್ಡ, ಹೆಗಲಿಗೆ ಚರ್ಮದ ಚೀಲ. ಹಳೆಯ ವಿಗ್ರಹ ನೋಡಿ ಬೆಲೆ ಕಟ್ಟುವವರು ಎಂದು ಪರಿಚಯ ಮಾಡಿಸಿದ. ಇಬ್ಬರೂ ಸೋಫಾದ ತುದಿಯಲ್ಲಿ ಕೂತರು.

"ಅಂಕಲ್, ತಪ್ಪು ತಿಳ್ಕೊಬೇಡಿ. ಅಪ್ಪಂದು ಒಂದು ವಿಗ್ರಹ ನಿಮ್ಮ ಹತ್ರ ಇದೆ."

"ಅದು ನಮ್ಮಿಬ್ರುದೂ ಕಣಪ್ಪ. ಅರ್ಧ ನಂದು."

"ಇರ್ಬೋದು ಅಂಕಲ್. ಆದ್ರೆ ಪೇಪರ್ ಅಪ್ಪನ ಹೆಸರಲ್ಲಿದೆ." ಫೈಲು ತೆಗೆದು ಮೇಜಿನ ಮೇಲಿಟ್ಟ. "ಅಪ್ಪ ಎಲ್ಲಾ ಹೇಳಿದ್ರು. ನೀವು ಇನ್ನೊಂದು ಮಾಡ್ಸಿದ್ದು, ಅವ್ರಿಗೆ ಗೊತ್ತಾಗಿ ಮಾತು ಬಿಟ್ಟಿದ್ದು, ಎಲ್ಲಾ."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ನಾನು ಮಾಡ್ಸಿದ್ದು?"

"ನೀವೇ ಫೌಂಡ್ರಿಯವ್ರು ಅಲ್ವಾ ಅಂಕಲ್?"

ಅಡುಗೆಮನೆಯಲ್ಲಿ ಸ್ಟೌ ಆರಿಸಿದ ಸದ್ದು ಕೇಳಿತು. ಹೆಂಡತಿ ಹೊರಗೆ ಬಂದು, "ಏನಪ್ಪಾ ನೀನು ಹೇಳ್ತಿರೋದು? ನಿಮ್ಮಮ್ಮನ್ನ ಕೇಳು ಹೋಗು!" ಎಂದು ಕೂಗಿದಳು. ನಾನು ಅವಳನ್ನು ತಡೆದೆ. ಒಳಗೆ ಹೋಗಿ ಕಪಾಟಿನಿಂದ ಅಸಲಿಯನ್ನು ತಂದೆ. ಮೂಲೆಯ ಪೀಠದಿಂದ ನಕಲಿಯನ್ನೂ ಎತ್ತಿ ತಂದೆ. ಎರಡನ್ನೂ ಮೇಜಿನ ಮೇಲಿಟ್ಟೆ. ಅರ್ಧ ಭಾಗದ ಮಾತೂ ಬೇಡ, ತೆಗೆದುಕೊಂಡು ತೊಲಗಲಿ ಎನಿಸಿಬಿಟ್ಟಿತ್ತು.

ಗಡ್ಡದವನು ಟಾರ್ಚು ಬಿಟ್ಟು, ಭೂತಗನ್ನಡಿ ಹಿಡಿದು, ಒಂದನ್ನು ನೋಡಿ ಇನ್ನೊಂದನ್ನು ನೋಡಿದ. ನನ್ನ ಮನೆಯಲ್ಲಿ, ನನ್ನ ಸೋಫಾದಲ್ಲಿ, ನಾನು ಕಳ್ಳನ ಹಾಗೆ ಕೂತು ಕಾಯುತ್ತಿದ್ದೆ. ಕೊನೆಗೆ ಅವನು ನಕಲಿಯ ಮೇಲೆ ಕೈಯಿಟ್ಟ.

"ಇದು ಸಾರ್. ನೋಡಿ, ಕೈ ಹತ್ರ, ಗಲ್ಲದ ಹತ್ರ ಹೆಂಗ್ ಸವೆದಿದೆ. ಪೂಜೆ ಮಾಡಿ ಮುಟ್ಟಿ ಮುಟ್ಟಿ ಬಂದಿರೋ ಸವೆತ ಇದು. ಮಾಡ್ಸಿದ್ರೆ ಬರಲ್ಲ."

ಅದು ಅಮ್ಮನ ಕೈ. ಹೆಂಡತಿಯ ಒಣ ಬಟ್ಟೆ.

"ಅಲ್ಲ," ಎಂದೆ. "ಅದು ನಕಲಿ. ಅಸಲಿ ಇದು. ಬೆನ್ನು ತಿರುಗ್ಸಿ ನೋಡಿ. ಎತ್ತರ ಅಳೀರಿ, ಅದು ಗಿಡ್ಡ ಇದೆ."

ಅವನು ಕಾಗದ ನೋಡಿದ. ಅಳತೆಯನ್ನು ಒರಟಾಗಿ ಇಂಚಿನ ಲೆಕ್ಕದಲ್ಲಿ ಬರೆದಿದ್ದರು, ಎರಡಕ್ಕೂ ಒಪ್ಪುವಂತಿತ್ತು. ಫೋಟೋ ಎರಡಕ್ಕೂ ಒಪ್ಪುತ್ತಿತ್ತು. ಮಗ ನನ್ನನ್ನು ನೋಡಿ ನಕ್ಕ. ಕಾರು ಮಾರುವವರು ಗಿರಾಕಿ ಸುಳ್ಳು ಹೇಳುತ್ತಿದ್ದಾನೆಂದು ಗೊತ್ತಾದಾಗ ನಗುವ ಮರ್ಯಾದೆಯ ನಗು.

"ಪರ್ವಾಗಿಲ್ಲ ಅಂಕಲ್. ಅದು ನಿಮ್ಗೇ ಇರ್ಲಿ."

"ನಾನು ಹೇಳೋದು ಕೇಳಪ್ಪಾ—"

"ಇಟ್ಕೊಳ್ಳಿ ಅಂಕಲ್. ಅದಕ್ಕೆ ನಮ್ಮಿಂದ ಯಾವ ತಕರಾರೂ ಇಲ್ಲ."

ನಕಲಿಯನ್ನು ಗುಳ್ಳೆಯ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕಿಳಿಸಿದರು. ಬಾಗಿಲವರೆಗೆ ಹೋದ ಮಗ ಹಿಂತಿರುಗಿ ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅದನ್ನು ಯಾಕೆ ಮಾಡಿದನೋ ಗೊತ್ತಿಲ್ಲ. ಹಿರಿಯರ ಮನೆಯಿಂದ ಹೊರಡುವಾಗಿನ ಅಭ್ಯಾಸವಿರಬೇಕು.

ಎರಡು ದಿನ ಬಿಟ್ಟು ಅವನ ತಾಯಿಗೆ ಫೋನ್ ಮಾಡಿದೆ. ನಡೆದದ್ದು ಹೇಳಿದೆ. "ಅಸಲಿ ಇಲ್ಲೇ ಇದೆಯಮ್ಮಾ. ನೀವು ಅವತ್ತು ಬೀರು ತೆಗೆದಾಗ ಇದ್ರಲ್ಲ, ನೀವೇ ಮಗನಿಗೆ ಹೇಳಿ. ಬಂದು ಬದಲಾಯಿಸ್ಕೊಂಡು ಹೋಗ್ಲಿ."

ಆಕೆಯ ಹಿಂದೆ ಎಲ್ಲೋ ಟೀವಿಯ ಸದ್ದು ಬರುತ್ತಿತ್ತು.

"ಬದಲಾಯಿಸ್ಕೊಳ್ಳೋಕೆ ಏನಂತ ಹೇಳ್ಲಿ ಅಣ್ಣ? ನಿಮ್ಮಪ್ಪ ಸುಳ್ಳು ಹೇಳಿ ಸತ್ರು ಅಂತಾನಾ?" ಆಮೇಲೆ ದನಿ ತಗ್ಗಿಸಿದರು. "ಅವನಿಗೆ ಅವರಪ್ಪ ಅಂದ್ರೆ ದೇವ್ರು. ಹಂಗೇ ಇರ್ಲಿ ಬಿಡಿ. ನಿಮಗೇನಣ್ಣ, ನಿಜವಾದ್ದು ನಿಮ್ಮ ಹತ್ರಾನೇ ಉಳೀತಲ್ಲ."

"ಹೆಸರು ಹೋಯ್ತಲ್ಲಮ್ಮಾ ನಂದು."

"ನಂಗೊತ್ತಲ್ಲ ಅಣ್ಣ," ಎಂದರು. "ನಂಗೊಬ್ಳಿಗಾದ್ರೂ ಗೊತ್ತಲ್ಲ." ಅಳುತ್ತಿದ್ದರು. ನಾನು ಸರಿ ಎಂದು ಫೋನ್ ಇಟ್ಟೆ.

ನಕಲಿಯನ್ನು ರಾಜಾನುಕುಂಟೆ ಕಡೆಯ ಹೊಸ ವಿಲ್ಲಾವೊಂದರ ಮಾಲೀಕರು ಕೊಂಡರಂತೆ. ಗಾಜಿನ ಪೆಟ್ಟಿಗೆಯಲ್ಲಿ, ಮೇಲೆ ದೀಪ ಹಾಕಿ ನಿಲ್ಲಿಸಿದ್ದಾರಂತೆ. ನನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದ ಹುಡುಗರಲ್ಲೊಬ್ಬ ನೋಡಿ ಬಂದು ಹೇಳಿದ. ಅದ್ಭುತವಾಗಿದೆ ಸಾರ್, ನೀವು ನೋಡ್ಬೇಕು ಎಂದ. ಅವಳ ಜೊತೆಗೆ ನನ್ನ ಕಥೆಯೂ ಆ ಮನೆಗೆ ಹೋಗಿದೆ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಗೆಳೆಯನಿಗೇ ನಕಲಿ ಮಾಡಿಸಿ ಕೊಡಲು ಹೋಗಿ ಸಿಕ್ಕಿಬಿದ್ದ ಫೌಂಡ್ರಿಯವನು ನಾನು.

ಅಸಲಿ ನನ್ನ ಹತ್ತಿರ ಇದೆ. ಅದರ ಕಾಗದ ಇನ್ನೊಂದರ ಜೊತೆ ಹೋಗಿದೆ. ಇದನ್ನು ನೋಂದಾಯಿಸಲು ಹೋದರೆ ಇದೇ ಫೋಟೋ ಇರುವ ವಿಗ್ರಹ ಆಗಲೇ ದಾಖಲಾಗಿದೆಯಲ್ಲ ಎನ್ನುತ್ತಾರೆ. ಮ್ಯೂಸಿಯಮ್ಮಿಗೆ ಕೊಡಲು ಹೋದರೂ ಅದೇ ಮಾತು. ಎಲ್ಲಿಗೆ ಹೋದರೂ ಸತ್ತವರನ್ನು ಕಟಕಟೆಗೆ ಎಳೆಯಬೇಕು, ಆ ತಂಗಿಯಿಂದ ಸಾಕ್ಷಿ ಹೇಳಿಸಬೇಕು. ಅದು ನನ್ನಿಂದ ಆಗುವುದಿಲ್ಲ.

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ ಎಂದು ಹೆಂಡತಿ ಹೇಳುತ್ತಾಳೆ. ಲಾಯರು ಅವಳನ್ನು ಕದ್ದದ್ದನ್ನು ನಾನು ಎಂದೋ ಮರೆಯುತ್ತಿದ್ದೆನೇನೋ. ಆಸೆಗೆ ಬಿದ್ದರು, ನಾನೂ ಅಂಥ ಆಸೆಯ ಮನುಷ್ಯನೇ. ಆದರೆ ಸಾಯುವ ಮೊದಲು ಮಗನನ್ನು ಕೂರಿಸಿಕೊಂಡು, ನನ್ನ ಹೆಸರು ಹೇಳಿ, ಆ ಮಾತು ಆಡಿದರಲ್ಲ. ಯಾವ ದಿನ ಆಡಿರಬಹುದು, ಯಾವ ಮುಖ ಇಟ್ಟುಕೊಂಡು ಆಡಿರಬಹುದು ಎಂದು ಯೋಚಿಸುತ್ತೇನೆ. ಆ ಮುಖವನ್ನು ಕಣ್ಣಮುಂದೆ ತಂದುಕೊಳ್ಳಲು ಹೋದರೆ ಬರುವುದು ಸ್ಕೂಟರಿನ ಕನ್ನಡಿಯಲ್ಲಿ ಕಾಣುತ್ತಿದ್ದ ಮುಖ, ಭಾನುವಾರದ ಬಿಸಿಲಿನಲ್ಲಿ, ಹಿಂದೆ ಕೂತ ನನಗೆ ಏನೋ ಹೇಳಿ ತಾನೇ ನಗುತ್ತಿದ್ದದ್ದು.